ರಾತ್ರಿ 2 ಗಂಟೆಯ ಸ್ವಿಚ್ ಸದ್ದು

ಅಪ್ಪ ಮತ್ತೆ ಎದ್ದಿದ್ದಾರೆ. ಇವತ್ತು ರಾತ್ರಿ ಮೂರನೇ ಸಲ. ನಮಗೆ ಎಚ್ಚರ ಆಗಬಾರದು ಅಂತ ಚಪ್ಪಲಿ ಕೂಡ ಹಾಕದೆ, ಗೋಡೆ ಹಿಡಿದುಕೊಂಡು ಬಾತ್‌ರೂಮಿಗೆ ಹೋಗುತ್ತಾರೆ.

"ಸಂಜೆ ಮೇಲೆ ನೀರೇ ಕುಡಿಯಲ್ಲ ಕಣೋ, ಆದರೂ ಹೀಗೆ" ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಅವರ ತಪ್ಪೇನೂ ಇಲ್ಲ.

ಕಿಡ್ನಿಗೂ ಹಗಲು ರಾತ್ರಿ ಗೊತ್ತು. ದಿನಕ್ಕೆ ರಕ್ತದಿಂದ ಸುಮಾರು 180 ಲೀಟರ್ ನೀರಂಶ ಸೋಸಿ, ಹೊರಗೆ ಬಿಡೋದು ಒಂದೂವರೆ ಎರಡು ಲೀಟರ್ ಅಷ್ಟೇ. ರಾತ್ರಿ ಮಿದುಳಿನಿಂದ ವ್ಯಾಸೋಪ್ರೆಸಿನ್ ಅನ್ನುವ ಹಾರ್ಮೋನ್ ಜಾಸ್ತಿ ಬಂದು, ನೀರು ಬಿಡಬೇಡ ಅಂತ ಕಿಡ್ನಿಗೆ ಹೇಳುತ್ತದೆ. ಉಪ್ಪು ಹೊರಗೆ ಹೋಗೋದೂ ಆಗ ಕಡಿಮೆ. ಬೆಳಗಿನ ಮೊದಲ ಮೂತ್ರ ಗಾಢ ಹಳದಿ ಇರೋದು ಅದಕ್ಕೇ. ವಯಸ್ಸಾದಂತೆ ಎಷ್ಟೋ ಜನರಲ್ಲಿ ಈ ಹಾರ್ಮೋನಿನ ರಾತ್ರಿಯ ಏರಿಕೆ ತಗ್ಗುತ್ತದೆ.

ಇನ್ನೊಂದಿದೆ. ಸಂಜೆ ಅಪ್ಪನ ಕಣಕಾಲು ಒತ್ತಿದರೆ ಹೆಬ್ಬೆರಳಿನ ಗುಳಿ ಸ್ವಲ್ಪ ಹೊತ್ತು ಹಾಗೇ ಉಳಿಯುತ್ತದೆ. ಹಗಲೆಲ್ಲ ಕಾಲಿಗೆ ಇಳಿದ ನೀರು, ಮಲಗಿದಾಗ ರಕ್ತಕ್ಕೆ ವಾಪಸ್. ಅದರಿಂದ ಹೃದಯ ಹಿಗ್ಗಿ, ಉಪ್ಪು, ನೀರು ಎರಡನ್ನೂ ಬಿಡು ಅನ್ನುವ ಬೇರೊಂದು ಹಾರ್ಮೋನ್ ಕಳಿಸುತ್ತದೆ. ಆಗ ನಿದ್ದೆ ಎಲ್ಲಿಂದ ಬರಬೇಕು?

ಕಾಲು ಊತ ಅಂದಮೇಲೆ ಸುಮ್ನೆ ಬಿಡೋ ಹಾಗಿಲ್ಲ. ಹೃದಯ, ಕಿಡ್ನಿ, ಶುಗರ್ ಎಲ್ಲ ತೋರಿಸಿಕೊಂಡು ಬಂದೆವು. ಈಗ ಮಧ್ಯಾಹ್ನ ಒಂದು ಗಂಟೆ ಹೊತ್ತು ದಿಂಬಿನ ಮೇಲೆ ಕಾಲಿಟ್ಟು ಮಲಗುತ್ತಾರೆ. ರಾತ್ರಿ ಊಟಕ್ಕೆ ಉಪ್ಪಿನಕಾಯಿ, ಹಪ್ಪಳ ಇಲ್ಲ. ಪ್ಯಾಸೇಜಿಗೆ ಇವತ್ತು ಒಂದು ಝೀರೋ ಬಲ್ಬ್ ಹಾಕಿದೆ.