ಚಿತ್ರದೊಳಗೆ ಸಿಕ್ಕಿಕೊಂಡ ಫೋನ್ ನಂಬರು

ಆಕೆ ಬಾಗಿಲಲ್ಲೇ ನಿಂತು ಕೇಳಿದರು. “ಇಲ್ಲಿ ದೋಣಿ ಶಟಲ್ ಇರೋ ಮಿಷನ್ ರಿಪೇರಿ ಮಾಡ್ತೀರಾ?”

ವಯಸ್ಸು ಅರವತ್ತು ದಾಟಿರಬೇಕು. ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಹೊಲಿಗೆ ಮಿಷನ್ನನ್ನು ಎರಡೂ ಕೈಯಲ್ಲಿ ಮಗುವಿನ ಹಾಗೆ ತಬ್ಬಿಕೊಂಡಿದ್ದರು. “ಮಾಡ್ತೀವಮ್ಮ, ಒಳಗೆ ಬನ್ನಿ” ಎಂದು ಇಳಿಸಿಕೊಂಡೆ. ಕೆಳಗಿನ ದಾರ ಸುತ್ತಿದ ಬಾಬಿನ್ನು ದೋಣಿಯಾಕಾರದ ಉದ್ದನೆ ಶಟಲ್ಲಿನಲ್ಲಿ ಕೂರುವ, ಹಳೇ ಕಾಲದ ಕಬ್ಬಿಣದ್ದು, ಹತ್ತು ಕಿಲೋಗೆ ಕಡಿಮೆ ಇರಲಿಲ್ಲ. ರಿಪೇರಿ ಆಗುತ್ತೋ ಇಲ್ಲವೋ ಗೊತ್ತಿಲ್ಲದೆ ಇಷ್ಟು ಭಾರ ಹೊತ್ತು ಬಂದಿದ್ದಾರಲ್ಲ ಅಂತ ಅಯ್ಯೋ ಅನ್ನಿಸಿತು. ಜೊತೆಗೆ ಒಂಚೂರು ಸಿಟ್ಟೂ ಬಂತು. ನಮ್ಮದೊಂದು ವೆಬ್‌ಸೈಟ್ ಇದೆ. ನಂಬರ್ ಇದೆ. ಒಂದು ಫೋನ್ ಮಾಡಿ ಬರಬಹುದಿತ್ತಲ್ವಾ?

ಕೇಳಿಯೇ ಬಿಟ್ಟೆ. “ನಮ್ಮ ವೆಬ್‌ಸೈಟ್ ನೋಡಿದ್ರಾ?”

“ನೋಡಿದೆನಪ್ಪಾ. ಅದರಲ್ಲಿ ಏನೂ ಗೊತ್ತಾಗ್ಲಿಲ್ಲ. ಫೋನೂ ಮಾಡಿದೆ. ಯಾರೋ ಎತ್ತಿ, ‘ಮತ್ತೆ ಹೊಲಿಗೆ ಮಿಷನ್ನಾ? ಇದು ರಾಂಗ್ ನಂಬರ್. ಈ ತಿಂಗಳು ನೀವು ನಾಲ್ಕನೆಯವರು’ ಅಂತ ಇಟ್ಟುಬಿಟ್ರು.”

ಬೆಡ್‌ಶೀಟಿನ ಗಂಟು ಬಿಚ್ಚುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ನಾಲ್ಕನೆಯವರು?

ಈ ವೆಬ್‌ಸೈಟಿನ ಕಥೆ ಹೇಳಿಬಿಡುತ್ತೇನೆ. ಮಾಡಿದ್ದು ನಾನೇ. ರೆಡಿಮೇಡ್ ಟೆಂಪ್ಲೇಟ್ ಒಂದನ್ನು ಹಿಡಿದುಕೊಂಡು ಮೂರು ವಾರ ರಾತ್ರಿ ಹೊತ್ತು ದೊಡ್ಡ ಮಾನಿಟರ್ ಮುಂದೆ ಕೂತಿದ್ದೆ. ಮೇಲುಗಡೆ ಐದು ಫೋಟೋ ಒಂದಾದ ಮೇಲೊಂದು ಜಾರುತ್ತಿದ್ದವು. ಸಾಲಾಗಿ ನಿಲ್ಲಿಸಿದ ಮಿಷನ್ನುಗಳು, ಬಣ್ಣಬಣ್ಣದ ದಾರದ ಉಂಡೆಗಳು, ಬೆಳಕಿಗೆ ಹಿಡಿದ ಒಂದು ಸೂಜಿ. ಆ ಸೂಜಿಯ ಫೋಟೋ ತೆಗೆಯೋಕೆ ಅರ್ಧ ದಿನ ಹೋಗಿತ್ತು. ಫೋನ್ ನಂಬರನ್ನು ಸುರುಳಿ ಸುರುಳಿಯಾದ ಫಾಂಟಿನಲ್ಲಿ ಬರೆದು ಮೊದಲ ಫೋಟೋದೊಳಗೇ ಕೂರಿಸಿದ್ದೆ. ಬರಹಕ್ಕೆಲ್ಲ ತಿಳಿ ಬೂದು ಬಣ್ಣ. ಕಪ್ಪು ತುಂಬಾ ಒರಟು ಅಂತ ಆಗಿನ ನನ್ನ ಅಭಿಪ್ರಾಯ. ಮುಗಿದ ದಿನ ಕುರ್ಚಿಗೆ ಒರಗಿ ನೋಡಿ, ಭಲೇ ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ. ಆಮೇಲೆ ಒಂದೂವರೆ ವರ್ಷ ಅದನ್ನು ಆಗಾಗ ತೆರೆದು ನೋಡಿ ಖುಷಿಪಟ್ಟಿದ್ದೂ ಅದೇ ಮಾನಿಟರಿನಲ್ಲೇ.

“ನಿಮ್ಮ ಫೋನಿನಲ್ಲಿ ಒಂದ್ಸಲ ತೆರೆದು ತೋರಿಸ್ತೀರಾ ಅಮ್ಮಾ? ಮೊದಲು ಹೇಗೆ ನೋಡಿದ್ರೋ ಹಾಗೇ” ಎಂದೆ. ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತೆ. ಏನೇ ಆದರೂ ಬಾಯಿ ಬಿಡಬಾರದು ಅಂದುಕೊಂಡೆ. ಅದು ಅಷ್ಟು ಕಷ್ಟದ ಕೆಲಸ ಅಂತ ಗೊತ್ತಿರಲಿಲ್ಲ.

ನಮ್ಮ ಹೆಸರು ಟೈಪ್ ಮಾಡಿದರು. ಬಂತು. ಆದರೆ ತಲೆಬರಹ ಬರೀ “ಹೋಮ್” ಅಂತಿತ್ತು. ಟೆಂಪ್ಲೇಟಿನಲ್ಲಿ ಮೊದಲೇ ಇದ್ದ ಹೆಸರು, ನಾನು ಬದಲಿಸೋದನ್ನೇ ಮರೆತಿದ್ದೆ. ಆಕೆ ಅದನ್ನು ದಾಟಿ ಕೆಳಗೆ ಹೋದರು, ವಾಪಸ್ ಬಂದರು, ಅನುಮಾನದಲ್ಲೇ ಒತ್ತಿದರು.

ಬಿಳಿ ಪರದೆ. ಆಕೆ ಕಾದರು, ನಾನೂ ಕಾದೆ. ಎದುರಿನ ಗೋಡೆ ಗಡಿಯಾರದಲ್ಲಿ ಸೆಕೆಂಡಿನ ಮುಳ್ಳು ಓಡುತ್ತಿತ್ತು. ಹನ್ನೊಂದು ಎಣಿಸಿದೆ. ಕಂಪ್ಯೂಟರ್ ಮುಂದೆ ಕೂತವರ ಗಮನ ಸುಮಾರು 10 ಸೆಕೆಂಡಿಗಿಂತ ಜಾಸ್ತಿ ಕಾಯುವುದಿಲ್ಲ ಎಂದು ಜೇಕಬ್ ನೀಲ್ಸನ್ ಎಂಬ ತಜ್ಞರು 1993ರಲ್ಲೇ ಬರೆದಿದ್ದರಂತೆ. ಇದು ನನಗೆ ಗೊತ್ತಾಗಿದ್ದು ಆಮೇಲೆ. ಆದರೆ ಗೊತ್ತಾಗೋಕೆ ಓದಲೇಬೇಕು ಅಂತೇನಿಲ್ಲ. ಏಳನೇ ಸೆಕೆಂಡಿಗೇ ಆಕೆಯ ಕಣ್ಣು ಫೋನು ಬಿಟ್ಟು ತಮ್ಮ ಮಿಷನ್ ಕಡೆ ಹೋಗಿತ್ತು.

ಕೊನೆಗೆ ಫೋಟೋ ಬಂತು. ಕಿರಿದಾದ ಪರದೆಗೆ ಎರಡೂ ಕಡೆ ಕತ್ತರಿಸಿಕೊಂಡು ಬಂದಿತ್ತು. ಸೂಜಿಯ ಫೋಟೋದಲ್ಲಿ ಸೂಜಿಯೇ ಇಲ್ಲ! ಬರೀ ನನ್ನ ಹೆಬ್ಬೆರಳು.

ಆಕೆ “ಸೇವೆಗಳು” ಅನ್ನುವುದನ್ನು ಒತ್ತಲು ಹೋದರು. ಬೆರಳು ತಾಗುವ ಹೊತ್ತಿಗೆ ಮೇಲಿನ ಇನ್ನೊಂದು ಫೋಟೋ ಬಂದು ಇಡೀ ಪುಟ ಕೆಳಗೆ ಜಾರಿತು. ಬೆರಳು ಬಿದ್ದದ್ದು “ಗ್ಯಾಲರಿ” ಮೇಲೆ. ಅಲ್ಲಿ ಮತ್ತೆ ಇಪ್ಪತ್ತು ಫೋಟೋ ಇಳಿಯಲು ಶುರುವಾಯಿತು.

“ನಾನೇ ತಪ್ಪು ಒತ್ತಿದೆ ಅನ್ಸುತ್ತೆ” ಎಂದರು. ನನಗೆ ತಲೆ ಎತ್ತಲಾಗಲಿಲ್ಲ.

ಹೇಗೋ ಸೇವೆಗಳ ಪುಟ ಸಿಕ್ಕಿತು. ಕನ್ನಡಕ ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ತಂದು, ಬೂದು ಅಕ್ಷರಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದರು. “ಎಲ್ಲ ಬಗೆಯ ಹೊಲಿಗೆ ಯಂತ್ರಗಳಿಗೆ ಗುಣಮಟ್ಟದ ಸಮಗ್ರ ಪರಿಹಾರ.” ಫೋನ್ ಕೆಳಗಿಳಿಸಿ ನನ್ನ ಮುಖ ನೋಡಿದರು. “ಇದರಲ್ಲಿ ನನ್ನ ಮಿಷನ್ ಸೇರುತ್ತಾ ಅಂತ ಹೇಗೆ ಗೊತ್ತಾಗ್ಬೇಕು?”

ಆ ಸಾಲು ಬರೆದಾಗ ಬಹಳ ತೂಕ ಇದೆ ಅನ್ನಿಸಿತ್ತು. ಬೇರೆಯವರ ಬಾಯಲ್ಲಿ ಕೇಳಿದಾಗ ಅದು ಏನನ್ನೂ ಹೇಳುತ್ತಿರಲಿಲ್ಲ.

ಇನ್ನು ನಂಬರು. ಚಿತ್ರದೊಳಗೆ ಬರೆದಿದ್ದರಿಂದ ಒತ್ತಿದರೆ ಕರೆ ಹೋಗುತ್ತಿರಲಿಲ್ಲ. ಬೆರಳು ಒತ್ತಿ ಹಿಡಿದರೆ ಚಿತ್ರ ಉಳಿಸಿಕೊಳ್ಳಬೇಕಾ ಅಂತ ಕೇಳುತ್ತಿತ್ತು. ಎರಡು ಬೆರಳಿನಲ್ಲಿ ಹಿಗ್ಗಿಸಿದರೆ ಅಂಕಿಗಳು ಮಸುಕು. ಆಕೆ ಚೀಲದಿಂದ ಒಂದು ಲಕೋಟೆ ತೆಗೆದು ತೋರಿಸಿದರು. ಅದರ ಬೆನ್ನ ಮೇಲೆ ಪೆನ್ನಿನಲ್ಲಿ ನಂಬರ್ ಬರೆದುಕೊಂಡಿದ್ದರು. ಒಂದೇ ಒಂದು ಅಂಕಿ ತಪ್ಪು. ನನ್ನ ಸುರುಳಿ ಫಾಂಟಿನ 3, ಸಣ್ಣ ಪರದೆಯಲ್ಲಿ ಥೇಟ್ 8.

ಅಲ್ಲೇ ಆ ತಪ್ಪು ನಂಬರಿಗೆ ಫೋನ್ ಮಾಡಿದೆ. ಗಂಡಸಿನ ದನಿ. ವಿಷಯ ಹೇಳಿ ಕ್ಷಮೆ ಕೇಳಿದೆ. “ಮೊದಲ ಇಬ್ಬರಿಗೆ ಸಮಾಧಾನವಾಗೇ ಹೇಳಿದ್ದೆ ಸ್ವಾಮಿ” ಎಂದು ಆತ ನಕ್ಕರು. ನನಗೆ ನಗು ಬರಲಿಲ್ಲ. ಉಳಿದ ಮೂವರು ಮಿಷನ್ ಎಲ್ಲಿಗೆ ಒಯ್ದರೋ. ಅವರಾದರೂ ಪರವಾಗಿಲ್ಲ, ಫೋನ್ ಮಾಡುವಷ್ಟು ತಾಳ್ಮೆ ಇದ್ದವರು. ಬಿಳಿ ಪರದೆ ನೋಡಿಯೇ ಮುಚ್ಚಿದವರು ಎಷ್ಟು ಜನವೋ. ಬಾಗಿಲವರೆಗೆ ಬಂದು ವಾಪಸ್ ಹೋದವರ ಬೆನ್ನಾದರೂ ಕಾಣುತ್ತದೆ. ಇವರದ್ದು ಅದೂ ಇಲ್ಲ. ವ್ಯಾಪಾರ ತಣ್ಣಗಾದಾಗೆಲ್ಲ ನಾನು, “ಈಗ ಯಾರು ರಿಪೇರಿ ಮಾಡಿಸ್ತಾರೆ, ಎಲ್ಲಾ ಹೊಸದೇ ತಗೋತಾರೆ” ಅಂತ ಕಾಲವನ್ನು ಬೈದುಕೊಂಡು ಕೂತಿದ್ದೆ!

ಸಂಜೆ ಗೆಳೆಯನನ್ನು ಕರೆಸಿದೆ. ಅವನ ಕೆಲಸವೇ ಇದು. ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ನಮ್ಮ ವಿಳಾಸ ಹಾಕಿದ. ಪುಟ ಎಷ್ಟು ಬೇಗ ತೆರೆಯುತ್ತೆ ಅಂತ ಅಳೆದು ಹೇಳುವ ಜಾಗ ಅದು. ಮಾರ್ಕ್ಸ್ ಕೆಂಪು ಬಣ್ಣದಲ್ಲಿ ಬಂತು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಬೇಕು ಅನ್ನೋದು ಗೂಗಲ್ ಇಟ್ಟ ಅಳತೆ. ನಾನೋ, ಫೋನಿನಲ್ಲಿ ತೆಗೆದ 4000×3000 ಪಿಕ್ಸೆಲ್ಲಿನ ಫೋಟೋಗಳನ್ನು ಹಾಗ್ಹಾಗೇ ಹಾಕಿದ್ದೆ. ಒಂದೊಂದೂ ನಾಲ್ಕೈದು ಎಂಬಿ. ಐದು ಸೇರಿ 20 ಎಂಬಿಗೂ ಮೇಲೆ, ಅದೂ ಅಂಗೈಯಷ್ಟು ಪರದೆಗೆ.

“ಬಾಗಿಲಿಗೆ ಅಡ್ಡ ಸೋಫಾ ಇಟ್ಟು, ಜನ ಒಳಗೆ ಬರ್ತಿಲ್ಲ ಅಂತೀಯಲ್ಲ ಮಾರಾಯ” ಎಂದ.

ಪುಟ ಜಾರುವುದಕ್ಕೂ ಕಾರಣ ಹೇಳಿದ. ಫೋಟೋ ಎಷ್ಟು ಅಗಲ, ಎಷ್ಟು ಎತ್ತರ ಅಂತ ಮೊದಲೇ ಬರೆದಿದ್ದರೆ ಬ್ರೌಸರ್ ಅಷ್ಟು ಜಾಗ ಕಾದಿಡುತ್ತದೆ. ಬರೆಯದಿದ್ದರೆ ಫೋಟೋ ತಡವಾಗಿ ಬಂದು ಎಲ್ಲರನ್ನೂ ತಳ್ಳಿ ಕೂರುತ್ತದೆ. ಬೂದು ಅಕ್ಷರ ಅಳೆದ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸ ಇರಬೇಕಂತೆ, ವೆಬ್ ಎಲ್ಲರಿಗೂ ಎಟುಕಬೇಕು ಅಂತ ಮಾಡಿದ ನಿಯಮದಲ್ಲಿ. ನನ್ನದು 2.3:1. ಒರಟು ಅಂತ ದೂರ ಇಟ್ಟಿದ್ದ ಕಪ್ಪನ್ನೇ ವಾಪಸ್ ಕರೆತಂದೆವು. ಇನ್ನೊಂದು, ವಿಳಾಸದ ಪಕ್ಕ “ಸುರಕ್ಷಿತವಲ್ಲ” ಅಂತ ಬರುತ್ತಿತ್ತು. ಮಾಹಿತಿಯನ್ನು ಗುಟ್ಟಾಗಿ ಸಾಗಿಸುವ ಎಚ್‌ಟಿಟಿಪಿಎಸ್ ವ್ಯವಸ್ಥೆ ಇಲ್ಲದ ಸೈಟುಗಳಿಗೆಲ್ಲ ಕ್ರೋಮ್ 2018ರ ಜುಲೈಯಿಂದ ಹೀಗೆ ಹಣೆಪಟ್ಟಿ ಅಂಟಿಸುತ್ತಿದೆ. ಅದಕ್ಕೆ ಬೇಕಾದ ಪ್ರಮಾಣಪತ್ರ ಲೆಟ್ಸ್ ಎನ್‌ಕ್ರಿಪ್ಟ್ ಎಂಬಲ್ಲಿ ಪುಕ್ಕಟೆ ಸಿಗುತ್ತದೆ. ಅರ್ಧ ಗಂಟೆ ಹಿಡಿಯಿತು, ಅಷ್ಟೆ.

ಜಗಳ ಆಗಿದ್ದು ಜಾರುವ ಫೋಟೋಗಳ ವಿಷಯಕ್ಕೆ. ತೆಗೆದುಬಿಡು ಎಂದ. ಅದೇ ಅಲ್ವಾ ಡಿಸೈನು, ಅದನ್ನೂ ತೆಗೆದರೆ ಉಳಿಯೋದೇನು ಎಂದೆ. “ಚೆನ್ನಾಗಿ ಕಾಣೋದು ಬೇರೆ, ಕೆಲಸಕ್ಕೆ ಬರೋದು ಬೇರೆ ಅಂತ ನೀನೇ ಮಿಷನ್ ತೋರಿಸಿ ಹೇಳ್ತೀಯಲ್ಲ” ಎಂದು ಬಾಯಿ ಮುಚ್ಚಿಸಿದ. ಕೊನೆಗೆ ರಾಜಿಯಾಯಿತು. ಸೂಜಿಯ ಫೋಟೋ ಒಂದೇ ಉಳಿಯಿತು, ಪುಟದ ಅಡಿಯಲ್ಲಿ. ಅದನ್ನೂ ಕುಗ್ಗಿಸಿ, ವೆಬ್‌ಪಿ ಎಂಬ ಹಗುರ ಫೈಲ್ ಮಾಡಿದ್ದರಿಂದ 100 ಕೆಬಿಗೂ ಕೆಳಗಿಳಿಯಿತು. ಸೂಜಿ ಪೂರ್ತಿ ಕಾಣುತ್ತದೆ. ಮೇಲೆ ಈಗ ನಾವೇನು ಮಾಡುತ್ತೇವೆ ಅನ್ನುವ ಎರಡು ಸಾಲು, ಅದರ ಕೆಳಗೆ ಅಚ್ಚುಕಟ್ಟಾದ ಅಕ್ಷರದಲ್ಲಿ ನಂಬರು. ಒತ್ತಿದರೆ ನೇರ ಕರೆ. ಅಕ್ಷರವಾಗಿ ಬರೆದ ನಂಬರನ್ನು ಗೂಗಲ್ಲೂ ಸಲೀಸಾಗಿ ಓದುತ್ತದೆ, ಕಣ್ಣು ಕಾಣದವರ ಫೋನಿನಲ್ಲಿರುವ ಓದುವ ತಂತ್ರಾಂಶವೂ ಓದಿ ಹೇಳುತ್ತದೆ. ಚಿತ್ರದೊಳಗೆ ಕೂತ ನಂಬರಿಗೆ ಆ ಭಾಗ್ಯ ಎಲ್ಲಿಂದ?

ಇಷ್ಟೆಲ್ಲ ಎರಡು ಸಂಜೆಯಲ್ಲಿ ಮುಗಿಯಿತು. ನಿಜವಾಗಿ ಬೆವರಿಳಿಸಿದ್ದು ಬರಹ. “ಸಮಗ್ರ ಪರಿಹಾರ”ದ ಜಾಗದಲ್ಲಿ ಏನು ಬರೆಯೋದು?

ಗೆಳೆಯ ಒಂದು ಉಪಾಯ ಹೇಳಿದ. ಒಂದು ವಾರ, ಬಂದವರು ಏನಂತ ಬಾಯಿಬಿಡುತ್ತಾರೋ ಅದನ್ನೇ ಒಂದು ಪುಸ್ತಕದಲ್ಲಿ ಬರೆದಿಡು ಅಂತ. ಬರೆದೆ. “ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತೆ.” “ಬಟ್ಟೆ ಕೆಳಗೆ ದಾರ ಗಂಟು ಕಟ್ಟುತ್ತೆ.” “ಚಕ್ರ ತಿರುಗ್ತಿಲ್ಲ, ಹಿಡಕೊಂಡಿದೆ.” ಒಬ್ಬರಾದರೂ ಯಂತ್ರ ಅನ್ನಲಿಲ್ಲ. ಪರಿಹಾರ ಬೇಕು ಅಂತಲೂ ಅನ್ನಲಿಲ್ಲ. ಫೋನಿನಲ್ಲಿ ಹುಡುಕುವಾಗಲೂ ಅವರು ಟೈಪ್ ಮಾಡೋದು ಇದನ್ನೇ ತಾನೆ?

ಆ ಮಾತುಗಳೇ ತಲೆಬರಹಗಳಾದವು. ಒಂದೊಂದರ ಕೆಳಗೆ ಮನೆಯಲ್ಲೇ ನೋಡಿಕೊಳ್ಳಬಹುದಾದ್ದನ್ನು ಬರೆದೆ. ಹೊಲಿಗೆ ಬಿಟ್ಟು ಬೀಳುತ್ತಿದ್ದರೆ ಮೊದಲು ಸೂಜಿ ನೋಡಿ. ಸೊಟ್ಟಗಾಗಿರಬಹುದು, ಇಲ್ಲವೇ ಮಿಷನ್ನಿಗೆ ಸಿಕ್ಕಿಸುವ ಮೇಲ್ಭಾಗದ ಚಪ್ಪಟೆ ಬದಿ ತಿರುವುಮುರುವಾಗಿ ಕೂತಿರಬಹುದು. ಕೆಳಗೆ ಗಂಟು ಕಟ್ಟಿದರೆ ಎಲ್ಲರೂ ಬಾಬಿನ್ನನ್ನು ಬೈಯುತ್ತಾರೆ, ಎಷ್ಟೋ ಸಲ ತಪ್ಪು ಮೇಲಿನ ದಾರ ಪೋಣಿಸಿದ್ದರಲ್ಲಿ ಇರುತ್ತದೆ. ನಮ್ಮ ಹುಡುಗ ಇದನ್ನು ಓದಿ ಗಾಬರಿಯಾದ. “ಎಲ್ಲಾ ಹೇಳಿಕೊಟ್ರೆ ಯಾರಣ್ಣ ಬರ್ತಾರೆ?” ಅವನ ಮಾತಲ್ಲಿ ಅರ್ಥವಿದೆ. ಆದರೆ ಸೂಜಿ ತಿರುಗಿಸಿ ಹಾಕಿಕೊಳ್ಳಲು ಹೇಳಿದವನನ್ನೇ ಚಕ್ರ ಹಿಡಕೊಂಡ ದಿನ ನೆನೆಯುತ್ತಾರೆ ಅನ್ನೋದು ನನ್ನ ಲೆಕ್ಕ.

ಕೊನೆಯಲ್ಲಿ ಆಕೆಗೋಸ್ಕರ ಒಂದು ಪುಟ. “ದೋಣಿ ಶಟಲ್ ಇರುವ ಹಳೆ ಮಿಷನ್ ರಿಪೇರಿ ಮಾಡುತ್ತೇವೆ.” ಪಕ್ಕದಲ್ಲಿ ಆ ಉದ್ದನೆಯ ಶಟಲ್ಲು, ಅದರೊಳಗೆ ಕೂರುವ ಕಡ್ಡಿಯಂಥ ಬಾಬಿನ್ನಿನ ಚಿತ್ರ.

ಆಕೆಯ ಮಿಷನ್ನಿಗೆ ದೊಡ್ಡ ರೋಗವೇನೂ ಇರಲಿಲ್ಲ. ವರ್ಷಗಟ್ಟಲೆ ಬಿಟ್ಟ ಎಣ್ಣೆ ಗೋಂದಿನ ಹಾಗೆ ಗಟ್ಟಿಯಾಗಿ ಎಲ್ಲವನ್ನೂ ಹಿಡಿದಿತ್ತು. ಸೀಮೆಎಣ್ಣೆ ಹಾಕಿ ನೆನೆಸಿ, ಒರೆಸಿ, ಹೊಸ ಎಣ್ಣೆ ಬಿಟ್ಟಾಗ ಚಕ್ರ ಒಂದೇ ಬೆರಳಿಗೆ ತಿರುಗಿತು.

ನೀಲ್ಸನ್ ಅವರದ್ದೇ ಇನ್ನೊಂದು ಮಾತಿದೆ, 2000ರದ್ದು. ಐದು ಜನರನ್ನು ಕೂರಿಸಿ ನೋಡಿದರೆ ಸಾಕು, ಸೈಟಿನ ತೊಂದರೆಗಳಲ್ಲಿ ಬಹುಪಾಲು ಹೊರಬರುತ್ತವೆ ಅಂತ. ಅಷ್ಟರಲ್ಲಿ ನಾಲ್ವರನ್ನು ಕೂರಿಸಿದ್ದೆ. ಎರಡು ವಾರ ಬಿಟ್ಟು ಮಿಷನ್ ಒಯ್ಯಲು ಬಂದ ಆಕೆಯೇ ಐದನೆಯವರು.

ಅದೇ ಫೋನು, ಅದೇ ಸ್ಟೂಲು. ಪುಟ ತಟ್ಟನೆ ಬಂತು. ಶಟಲ್ಲಿನ ಚಿತ್ರ ನೋಡಿ, “ಅಯ್ಯೋ, ನಂದೇ!” ಎಂದರು. ನಂಬರ್ ಮೇಲೆ ಹೆಬ್ಬೆರಳು ಇಟ್ಟರು. ನನ್ನ ಜೇಬಿನಲ್ಲಿ ಫೋನು ಗುರ್ರ್ ಅಂದಿತು. ನಾನು ಮುಖ ಅರಳಿಸಿಕೊಂಡು ಕೂತಿದ್ದೆ, ಸರ್ಟಿಫಿಕೇಟ್ ಕೈಗೆ ಬಂದವನ ಹಾಗೆ.

ಆಕೆ ಪುಟವನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಎರಡು ಸಲ ಸರಿಸಿದರು. ಏನನ್ನೋ ಹುಡುಕುತ್ತಿದ್ದರು.

“ಅಲ್ಲಪ್ಪಾ, ಭಾನುವಾರ ತೆಗೆದಿರ್ತೀರಾ ಇಲ್ವಾ ಅಂತ ಎಲ್ಲಿ ಬರೆದಿದ್ದೀರಿ?”

ನಾನು ಪೆನ್ನು ಹುಡುಕಿದೆ.