ಗಾಳಕ್ಕೂ ಮೊದಲು ಗಾಳಿ: ಒಂಟಿ ಹರಿಗೋಲು, ಕೆರೆ ದಂಡೆಯ ಬಿಡಾರ

ಕೊಪ್ಪಳ, ಗಂಗಾವತಿ ಕಡೆ ಒಬ್ಬರೇ ಕೆರೆಗೆ ಹರಿಗೋಲು ಇಳಿಸುವವರು ಮೀನಿನ ಚಿಂತೆ ಆಮೇಲೆ ಮಾಡಬೇಕು, ಮೊದಲು ಗಾಳಿಯದು. ಈ ಸೀಮೆಯ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ಮನೆ ಅಲ್ಲ. ಮುಂಗಾರಿನ ಪಡುವಣ ಗಾಳಿ ಹೊತ್ತೇರಿದಂತೆ ಜೋರಾಗುತ್ತದೆ. ಹರಿಗೋಲಿಗೆ ಹಿಂದು ಮುಂದು ಇಲ್ಲ, ತಳ ಬೇರೆ ಚಪ್ಪಟೆ. ಗಾಳಿ ಎತ್ತ ತಳ್ಳಿದರೆ ಅತ್ತ ಹೋಗುತ್ತದೆ. ಹಾಗಾಗಿ ಮೂಡಣ ದಂಡೆಯಿಂದಲೇ ಇಳಿಯಿರಿ. ನಸುಕಿನಲ್ಲಿ ನೀರು ಅಲುಗದಿರುವಾಗ ಪಡುವಣಕ್ಕೆ ಹೋದರೆ, ತೋಳು ಸೋತ ಹೊತ್ತಿಗೆ ಗಾಳಿಯೇ ವಾಪಸ್ ತರುತ್ತದೆ. ಬೆಳಿಗ್ಗೆ 9ರೊಳಗೆ ದಂಡೆ ಸೇರಿರಬೇಕು. ಆದರೆ ಮೂಡಣ ದಂಡೆಯೇ ಕಲ್ಲು ಹಾಸಿದ ಏರಿಯಾಗಿದ್ದರೆ ಆ ಕೆರೆ ಬಿಟ್ಟುಬಿಡಿ. ಅಲೆ ತಂದು ಕಲ್ಲಿಗೆ ಉಜ್ಜಿದರೆ ಹರಿಗೋಲಿನ ತಳಕ್ಕೆ ಹೊದಿಸಿದ ಪ್ಲಾಸ್ಟಿಕ್ ಹಾಳೆ ಹರಿಯುತ್ತದೆ. ತೂಬು, ಕೋಡಿ ಎರಡರಿಂದಲೂ ದೂರ ಇರಿ.

ಹೊಳೆಗೆ ಇಳಿಯುವ ಮಾತೇ ಬೇಡ. ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿ.ಮೀ. ತುಂಗಭದ್ರೆ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ, ಅಲ್ಲದೆ ಮೊಸಳೆಯೂ ಇದೆ. ಸಾಣಾಪುರ ಕೆರೆ ನೋಡಲು ಶಾಂತ, ಆದರೆ ಅದರೊಳಗೆ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಯ ನೀರು ಹಾಯುತ್ತದೆ. ಕಾಲುವೆ ಹರಿಯುವಾಗ ಒಳಸೆಳೆತ ಮೇಲಿಂದ ಕಾಣುವುದಿಲ್ಲ. ಊರ ಕೆರೆಗಳಲ್ಲಿ ಮೀನಿನ ಗುತ್ತಿಗೆ ಹಿಡಿದವರು ಇದ್ದೇ ಇರುತ್ತಾರೆ. ಹಿಂದಿನ ದಿನವೇ ಅವರನ್ನು ಕಂಡು ಕೇಳಿಕೊಳ್ಳಿ. ಎಲ್ಲಿ ಆಳ, ಎಲ್ಲಿ ಮುಳ್ಳು ಅನ್ನುವುದೂ ಅವರಿಗೇ ಗೊತ್ತು.

ಹೊಸಬರು ಹುಟ್ಟನ್ನು ಪಕ್ಕದಲ್ಲಿ ಹಾಕುತ್ತಾರೆ, ಹರಿಗೋಲು ನಿಂತಲ್ಲೇ ಬುಗುರಿಯಾಗುತ್ತದೆ. ಮುಂದಿನ ಅಂಚಿಗೆ ಮೊಣಕಾಲೂರಿ, ಹುಟ್ಟನ್ನು ಎದುರಿಗೇ ನೆಟ್ಟಗೆ ಇಳಿಸಿ, ನೀರಿನಿಂದ ತೆಗೆಯದೆ ಎಡಕ್ಕೂ ಬಲಕ್ಕೂ ಅಡ್ಡ 8 ಬರೆದಂತೆ ಆಡಿಸಬೇಕು. ಅಲಗು ಎರಡು ಕಡೆಗೂ ಸ್ವಲ್ಪ ಓರೆಯಾಗಿದ್ದು ನೀರನ್ನು ನಿಮ್ಮತ್ತ ಎಳೆಯಬೇಕು. 6 ಅಡಿ ಅಗಲದ ಹರಿಗೋಲಿಗೆ ಒಬ್ಬ ಆಳು, 15 ಕೆ.ಜಿ. ಸಾಮಾನು ಸಾಕು. ಚೀಲ ಹಿಂದಿರಲಿ, ನಿಮ್ಮ ಭಾರಕ್ಕೆ ಸಮ ತೂಗುತ್ತದೆ. ಎದ್ದು ನಿಲ್ಲಬೇಡಿ. ಲೈಫ್ ಜಾಕೆಟ್ ಮೈಮೇಲಿರಬೇಕು, ಚೀಲದಲ್ಲಲ್ಲ.

ಕೆರೆ ತುಂಬಿದ ವರ್ಷ ಅಂಚಿನ ಬಳ್ಳಾರಿ ಜಾಲಿ ನೀರಲ್ಲಿ ಮುಳುಗಿರುತ್ತದೆ. ಹರಿಗೋಲಿಗೆ ಅದರಷ್ಟು ಕೆಟ್ಟ ವೈರಿ ಇನ್ನೊಂದಿಲ್ಲ. ಮುಳ್ಳು ಡಾಂಬರಿನ ಪದರ ದಾಟಿ ಹಾಳೆಯನ್ನೇ ತೂತು ಮಾಡುತ್ತದೆ, ನೀರು ಮೊಣಕಾಲಿಗೆ ತಾಕುವವರೆಗೆ ಗೊತ್ತಾಗುವುದಿಲ್ಲ. ಒಳಗೆ ಸಿಕ್ಕಿಕೊಂಡ ಮುಳ್ಳನ್ನು ನೀರಿನ ಮೇಲೆ ಕೀಳಬೇಡಿ, ಅದೇ ಬಿರಡೆ. ಗ್ರೀಸ್ ಹಚ್ಚಿದ ಬಟ್ಟೆ ಚಿಂದಿಯನ್ನು ಅದರ ಸುತ್ತ ಒತ್ತಿ, ಡಬ್ಬಿಯಿಂದ ನೀರು ಮೊಗೆಯುತ್ತಾ ದಂಡೆಗೆ ಬನ್ನಿ. ಪೂರ್ತಿ ಒಣಗಿದ ಮೇಲೆ ಬಟ್ಟೆ ತುಂಡಿಟ್ಟು ಬಿಸಿ ಡಾಂಬರು ಬಳಿಯಿರಿ; ತೇವದ ಮೇಲೆ ಬಳಿದರೆ ಹಪ್ಪಳೆ ಏಳುತ್ತದೆ.

ನಿಲ್ಲಿಸಲು ಒಂದೇ ಹಗ್ಗಕ್ಕೆ ಕಲ್ಲು ಕಟ್ಟಿದರೆ ಹರಿಗೋಲು ಸುತ್ತುತ್ತದೆ, ಗಾಳದ ದಾರ ಹಗ್ಗಕ್ಕೆ ಹೊಸೆದುಕೊಳ್ಳುತ್ತದೆ. ಎದುರು ಬದುರು ಎರಡು ಕಲ್ಲು ಬಿಡಿ. ಪ್ರತಿ ಹಗ್ಗ ಆಳದ 3 ಪಟ್ಟು ಇರಲಿ, ಗಿಡ್ಡವಾದರೆ ಅಲೆ ಬಂದಾಗ ಅಂಚು ಕೆಳಗೆ ಜಗ್ಗುತ್ತದೆ. ಜಗ್ಗಿದರೆ ಬಿಚ್ಚುವ ಜೀರುಗಂಟು ಹಾಕಿ, ಚಾಕು ಕೈಗೆಟಕುವಂತಿರಲಿ.

ಜಿಲೇಬಿ ಮೀನಿಗೆ (ತಿಲಾಪಿಯಾ) 8ನೇ ನಂಬರಿನ ಗಾಳ, 0.25 ಮಿ.ಮೀ. ದಾರ, ಎರೆಹುಳು ಸಾಕು. ರೋಹುವಿಗೆ 4ನೇ ನಂಬರು, 0.30 ದಾರ. ಶೇಂಗಾ ಹಿಂಡಿ 2 ಪಾಲು, ಮೈದಾ 1 ಪಾಲು ಗಟ್ಟಿಯಾಗಿ ನಾದಿ ಕಡಲೆ ಗಾತ್ರ ಉಂಡೆ ಕಟ್ಟಿ. ಜೋಳದ ಹಿಟ್ಟಿಗೆ ಜಿಗುಟಿಲ್ಲ, ನೀರಿಗೆ ಬಿದ್ದೊಡನೆ ಬಿಚ್ಚಿಕೊಳ್ಳುತ್ತದೆ. ದೊಡ್ಡ ಮೀನು ಬಿದ್ದರೆ ಅಂಚಿನಾಚೆ ಬಾಗಬೇಡಿ, ದಣಿಸಿ, ಮೊಣಕಾಲ ಎದುರಿಗೆ ತಂದು ಬಲೆಯಲ್ಲಿ ಎತ್ತಿ. ಚೇಳು ಮೀನನ್ನು ಮಾತ್ರ ಬರಿಗೈಯಲ್ಲಿ ಹಿಡಿಯಬೇಡಿ, ಇಕ್ಕಳ ಬಳಸಿ. ಮುಳ್ಳು ಚುಚ್ಚಿದರೆ ತಡೆಯುವಷ್ಟು ಬಿಸಿ ನೀರಲ್ಲಿ ಕೈ ಅದ್ದಿದರೆ ಉರಿ ತಗ್ಗುತ್ತದೆ, ಆದರೆ ಹರಿಗೋಲಿನಲ್ಲಿ ಬಿಸಿ ನೀರು ಎಲ್ಲಿಂದ ತರುತ್ತೀರಿ?

ರಾತ್ರಿಗೆ ಬಂಡೆಗಳ ಸಂದಿ ಬೇಡ. ದರೋಜಿ, ಆನೆಗೊಂದಿ ಕಡೆ ಕರಡಿ, ಚಿರತೆ ಓಡಾಟ ಅಲ್ಲೇ. ಒಬ್ಬರೇ ಇದ್ದೀರಿ ಅಂದಮೇಲೆ ಗುತ್ತಿಗೆದಾರರ ಗುಡಿಸಲಿನ ಹತ್ತಿರವೇ ಉಳಿಯುವುದು ಒಳ್ಳೆಯದು. ಹರಿಗೋಲನ್ನು ಮಗುಚಿ ಒಂದು ಬದಿ ಹುಟ್ಟಿನ ಮೇಲೆ ಎತ್ತಿ ನಿಲ್ಲಿಸಿದರೆ ಗಾಳಿ ತಡೆಯುತ್ತದೆ, ಅದರಡಿ ಸೊಳ್ಳೆ ಪರದೆ ಕಟ್ಟಿದರೆ ಡೇರೆಯೇ ಬೇಡ. ಹಗಲು ನೆರಳಿಗೆ ಎಳೆಯಿರಿ, ಬಿಸಿಲಿಗೆ ಡಾಂಬರು ಇಳಿಯುತ್ತದೆ. ಕಟಕ ರೊಟ್ಟಿ, ಶೇಂಗಾ ಚಟ್ನಿ ಇದ್ದರೆ ಒಲೆಯ ಹಂಗಿಲ್ಲ. ಕುಡಿಯಲು ಬೇಸಿಗೆಯಲ್ಲಿ ದಿನಕ್ಕೆ 5 ಲೀಟರ್ ಬೇಕು.

ಬಿಡಾರಕ್ಕೆ ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲ ನೋಡಿ. ಎರೆ, ಅಂದರೆ ಕಪ್ಪು ಮಣ್ಣಿನ ನೆಲದಲ್ಲಿ ನಾಲ್ಕು ಹನಿ ಬಿದ್ದರೂ ಮಣ್ಣು ಮಡ್‌ಗಾರ್ಡಿನೊಳಗೆ ತುಂಬಿ ಬೈಕಿನ ಚಕ್ರ ತಿರುಗುವುದಿಲ್ಲ. ಮೋಡ ಕಂಡರೆ ಗಾಡಿಯನ್ನು ರಸ್ತೆ ಬದಿಗೇ ಬಿಟ್ಟು, ಸಾಮಾನನ್ನು ಎರಡು ಸಲ ಹೊರುವುದೇ ಸುಲಭ.