ಪದ್ಮಿನಿ ಕೆಲಸ: ಬ್ರೇಕ್ ಆಯ್ತು, ಸಂಪಾಜೆ ಘಾಟಿಯಲ್ಲಿ ಸ್ವಿಫ್ಟ್ ಜೊತೆ ಹೋಲಿಕೆ

ನನ್ನ ಹಳೇ ಕಾರು ಪ್ರೀಮಿಯರ್ ಪದ್ಮಿನಿಯ ನಾಲ್ಕೂ ಚಕ್ರಕ್ಕೆ ಹೊಸ ಬ್ರೇಕ್ ಶೂ, ಆ ಶೂ ತಳ್ಳುವ ವೀಲ್ ಸಿಲಿಂಡರ್‌ನ ಕಿಟ್ ಹಾಕಿ ಆಯ್ತು. ಭಾನುವಾರ ಮಡಿಕೇರಿಯಿಂದ ಸಂಪಾಜೆಗೆ ಇಳಿದು, ವಾಪಸ್ ಹತ್ತಿ ಬಂದೆ. ಮಾರನೇ ದಿನ ಅದೇ ರಸ್ತೆ, ಅದೇ ಮಳೆ, ಮನೆಯ ಸ್ವಿಫ್ಟ್.

ಎಂಜಿನ್ ಸೈಜ್ ನೋಡಿದ್ರೆ ದೊಡ್ಡ ವ್ಯತ್ಯಾಸ ಇಲ್ಲ. ಪದ್ಮಿನಿ 1089 ಸಿಸಿ, ನಮ್ಮ ಸ್ವಿಫ್ಟ್ 1197 ಸಿಸಿ. ಪದ್ಮಿನಿಯ ಪವರ್ ಮಾತ್ರ ಸ್ವಿಫ್ಟಿನ ಹೆಚ್ಚುಕಡಿಮೆ ಅರ್ಧ. ಆದರೂ ಹತ್ತೋಕೆ ಪದ್ಮಿನಿ ಏನೂ ತಕರಾರು ಮಾಡಲಿಲ್ಲ, ಎರಡನೇ ಗೇರಲ್ಲಿ ಆರಾಮಾಗಿ ಬಂತು. ಫಸ್ಟ್ ಗೇರಿಗೆ ಸಿಂಕ್ರೊಮೆಶ್ (ಗೇರ್ ಸಲೀಸಾಗಿ ಬೀಳಲು ಹಲ್ಲುಗಳ ವೇಗ ಹೊಂದಿಸುವ ಭಾಗ) ಇಲ್ಲ, ಗಾಡಿ ಓಡುವಾಗ ಫಸ್ಟಿಗೆ ಹಾಕೋದು ಕಷ್ಟ, ಹಾಗಾಗಿ ತಿರುವಲ್ಲಿ ಸ್ಪೀಡ್ ಪೂರ್ತಿ ಬೀಳೋಕೆ ಬಿಡಬಾರದು, ಅಷ್ಟೇ.

ನಿಜವಾದ ಪರೀಕ್ಷೆ ಇರೋದು ಇಳಿಯೋದರಲ್ಲಿ. ಪದ್ಮಿನಿಯಲ್ಲಿ ನಾಲ್ಕೂ ಡ್ರಮ್ ಬ್ರೇಕ್, ಕಾಲಿನ ಒತ್ತಡ ಹೆಚ್ಚಿಸುವ ಬೂಸ್ಟರ್ ಇಲ್ಲ. ಪೆಡಲ್ ಒತ್ತಿಕೊಂಡೇ ಇಳಿದರೆ ಡ್ರಮ್ ಕಾದು ಹಿಡಿತ ಕಮ್ಮಿ ಆಗುತ್ತದೆ, ಅದಕ್ಕೇ ಮೇಲಿಂದಲೇ ಎರಡನೇ ಗೇರಿಗೆ ಹಾಕಿ, ಎಂಜಿನ್ ಹಿಡಿತದಲ್ಲೇ ಬಿಟ್ಟು, ತಿರುವಿಗೆ ಮುಂಚೆ ಒಮ್ಮೆ ಗಟ್ಟಿಯಾಗಿ ಒತ್ತಿ ಬಿಡಬೇಕು. ಈ ಸಲ ಗಾಡಿ ಒಂದು ಕಡೆಗೆ ಎಳೆಯಲಿಲ್ಲ, ತುಂಬಾ ಖುಷಿಯಾಯ್ತು! ಸ್ವಿಫ್ಟಲ್ಲಿ ಮುಂದೆ ಡಿಸ್ಕ್, ಜೊತೆಗೆ ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್. ಒದ್ದೆ ಎಲೆ ಬಿದ್ದ ರಸ್ತೆಯಲ್ಲಿ ಆ ಧೈರ್ಯವೇ ಬೇರೆ. ರಾತ್ರಿ ಯಾರನ್ನಾದರೂ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು ಅಂದ್ರೆ ಕಣ್ಣುಮುಚ್ಚಿ ಸ್ವಿಫ್ಟ್ ತೆಗೀತೀನಿ.

ಇನ್ನು ಮಳೆಗಾಲದ ತೇವ. ಪದ್ಮಿನಿಯಲ್ಲಿ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ನ ಕ್ಯಾಪ್ ಬಿಚ್ಚಿದ್ರೆ ಒಳಗೆ ಸಣ್ಣ ಸಣ್ಣ ನೀರಿನ ಹನಿ. ಒಣ ಬಟ್ಟೆಯಲ್ಲಿ ಒರೆಸಿ, ಒಳಗಿನ ಕಾಂಟ್ಯಾಕ್ಟ್ ಪಾಯಿಂಟ್ ತಿಕ್ಕಿ, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇಟ್ಟು ಗ್ಯಾಪ್ ಸರಿ ಮಾಡಿದ ಮೇಲೆ, ಚೋಕ್ ಎಳೆದು ಕೀ ತಿರುಗಿಸಿದ ತಕ್ಷಣ ಸ್ಟಾರ್ಟ್. ಪ್ಲಗ್ ಕಪ್ಪಾಗಿತ್ತು. ಕಾರಣ, ಎತ್ತರದಲ್ಲಿ ಗಾಳಿ ತೆಳು, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್‌ಗೆ ಅದು ಗೊತ್ತಾಗಲ್ಲ, ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಸ್ವಿಫ್ಟಲ್ಲಿ ಸೆನ್ಸರ್ ನೋಡಿ ಕಂಪ್ಯೂಟರೇ ಅಳತೆ ಮಾಡಿ ಬಿಡುತ್ತದೆ, ನಾವು ಬಾನೆಟ್ ಎತ್ತೋದೇ ಬೇಡ.

ಆದ್ರೆ ಒಂದು ವಿಷಯದಲ್ಲಿ ಹಳೇದೇ ಮೇಲು. ಪದ್ಮಿನಿಯ ಮುಂದಿನ ಗಾಜಿನ ಪಕ್ಕದ ಕಂಬ ತೆಳ್ಳಗಿದೆ, ಹೇರ್‌ಪಿನ್ ತಿರುವಿನಲ್ಲಿ ಎದುರು ಬರೋ ಬೈಕ್ ಪೂರ್ತಿ ಕಾಣುತ್ತದೆ. ಸ್ವಿಫ್ಟಲ್ಲಿ ಬಲಕ್ಕೆ ತಿರುಗುವಾಗ ಆ ದಪ್ಪ ಕಂಬದ ಹಿಂದೆ ಬೈಕೇ ಮಾಯ, ಕತ್ತು ಮುಂದೆ ಚಾಚಿ ನೋಡ್ಬೇಕು. ನಮ್ಮ ಕಡೆ ರಸ್ತೆಗೆ ಇದು ಸಣ್ಣ ವಿಷಯ ಅಲ್ಲ ಅಲ್ವಾ?

ಮುಂದಿನ ಕೆಲಸ ಪದ್ಮಿನಿಯ ಕಿಂಗ್‌ಪಿನ್‌ಗೆ (ಸ್ಟೀರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ತಿರುಗುವ ಗೂಟ) ಗ್ರೀಸ್, ಆಮೇಲೆ ವೈಪರ್ ಮೋಟರ್. ಜೋರು ಮಳೆಗೆ ಅದರ ಸ್ಪೀಡ್ ಸಾಲಲ್ಲ.